ಪಣವಿಲ್ಲದ ಪಗಡೆ

೨೦೨೫ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ನಮ್ಮ ಸಂಸತ್ತು ಆಟದ ವಿಚಾರವಾಗಿ ಒಂದು ಶಾಸನವನ್ನು ಮಾಡಿತು. ೨೦ನೆಯ ತಾರೀಖು ಲೋಕಸಭೆ ಅದನ್ನು ಅಂಗೀಕರಿಸಿತು. ಮರುದಿನ ರಾಜ್ಯಸಭೆ ಒಪ್ಪಿತು. ೨೨ನೆಯ ತಾರೀಖು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಮೂರು ದಿನಗಳಲ್ಲಿ ಮುಗಿದ ಈ ಕಾರ್ಯಕ್ಕೆ ಕಾರಣ ಸಣ್ಣದಾಗಿರಲಿಲ್ಲ. ಅಂತರಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳಿಂದ ಸುಮಾರು ೪೫ ಕೋಟಿ ಜನ ಬಾಧೆಗೊಳಗಾಗಿದ್ದಾರೆಂದೂ, ಅವರು ಕಳೆದುಕೊಂಡ ಹಣ ೨೦,೦೦೦ ಕೋಟಿ ರೂಪಾಯಿಗಳಿಗೂ ಮಿಗಿಲೆಂದೂ ಕೇಂದ್ರ ಸರ್ಕಾರವೇ ಅಂದಾಜು ಹೇಳಿತ್ತು.

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮವೆಂಬ ಈ ಶಾಸನ ಆಟಗಳನ್ನು ಮೂರು ಪಂಗಡಗಳಾಗಿ ವಿಂಗಡಿಸುತ್ತದೆ. ಹಣವನ್ನೊಡ್ಡಿ, ಹಣವನ್ನು ಗೆಲ್ಲುವ ಆಸೆಯಿಂದ ಆಡುವುದು ಮೊದಲನೆಯದು. ಇದು ನಿಷಿದ್ಧ, ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ. ಇಂತಹ ಆಟಕ್ಕೆ ಜಾಹೀರಾತು ಮಾಡುವವರೂ ದಂಡಾರ್ಹರು. ಆಡಿ ಸೋತವನಿಗೆ ಮಾತ್ರ ಶಿಕ್ಷೆಯಿಲ್ಲ. ನಿಯಮಬದ್ಧ ಸ್ಪರ್ಧೆಯಾಗಿ ಆಡುವುದು ಎರಡನೆಯದು. ವಿನೋದಕ್ಕಾಗಿ, ಕಲಿಕೆಗಾಗಿ ಆಡುವುದು ಮೂರನೆಯದು. ಕೊನೆಯ ಎರಡನ್ನೂ ಬೆಳೆಸಬೇಕೆಂಬುದು ಶಾಸನದ ಆಶಯ. ಅದರ ಹೆಸರಿನಲ್ಲಿ ಉತ್ತೇಜನವೆಂಬ ಮಾತು ನಿಯಂತ್ರಣಕ್ಕಿಂತ ಮುಂದೆಯೇ ಇದೆ. ಆದರೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ನಡೆದ ಚರ್ಚೆಯೆಲ್ಲ ಮುಚ್ಚಿದ ಬಾಗಿಲನ್ನು ಕುರಿತದ್ದು. ತೆರೆದಿಟ್ಟ ಬಾಗಿಲಿನಿಂದ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದನ್ನು ವಿಚಾರಿಸಿದವರು ವಿರಳ. ಸಾಹಿತ್ಯದ ವಾಚಕರಿಗೆ ಆ ವಿಚಾರವೇ ಹೆಚ್ಚು ಸಂಬಂಧಪಟ್ಟದ್ದೆಂದು ತೋರುತ್ತದೆ.

ನ್ಯಾಯಸ್ಥಾನಗಳು ಬಹುಕಾಲ ಕೇಳುತ್ತಿದ್ದ ಪ್ರಶ್ನೆ ಬೇರೆಯಾಗಿತ್ತು. ಆಟದಲ್ಲಿ ಮೇಲುಗೈಯಾದುದು ಕುಶಲತೆಯೋ ಅದೃಷ್ಟವೋ? ಕುಶಲತೆಯೇ ಹೆಚ್ಚಾಗಿದ್ದರೆ ಅದನ್ನು ಜೂಜೆನ್ನಲಾಗದು. ೧೯೫೭ರಲ್ಲಿ ಚಾಮರಬಾಗವಾಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಭೇದವನ್ನು ಸ್ಥಿರಪಡಿಸಿತು. ೧೯೬೮ರಲ್ಲಿ ಇಸ್ಪೀಟಿನ ರಮ್ಮಿ ಕುಶಲತೆಯ ಆಟವೆಂದು ಹೇಳಿತು. ಕರ್ನಾಟಕ ಸರ್ಕಾರ ೨೦೨೧ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣದ ಆಟಗಳನ್ನು ನಿಷೇಧಿಸಿದಾಗ, ೨೦೨೨ರ ಫೆಬ್ರುವರಿ ೧೪ರಂದು ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಮಾಡಿತು; ಅಲ್ಲಿಯೂ ಈ ಭೇದವೇ ಮುಖ್ಯವಾದ ಆಧಾರವಾಯಿತು. ೨೦೨೫ರ ಶಾಸನ ಹಳೆಯ ಪ್ರಶ್ನೆಯನ್ನು ಬದಿಗಿಟ್ಟು, ಕುಶಲತೆ ಇರಲಿ ಅದೃಷ್ಟವಿರಲಿ, ಪಣ ಉಂಟೇ ಎಂದು ಮಾತ್ರ ಕೇಳುತ್ತದೆ. ಇದನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಹೂಡಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು ೨೦೨೫ರ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಕಾನೂನಿನ ನಿಷ್ಕರ್ಷೆ ನ್ಯಾಯಸ್ಥಾನಕ್ಕೆ ಸೇರಿದ್ದು. ವಿವೇಕದ ನಿಷ್ಕರ್ಷೆಯಲ್ಲಿ ನಮಗೂ ಪಾಲಿದೆ.

ಆ ವಿವೇಕಕ್ಕೆ ಪಾಂಡವಪುರದ ಹೆಸರೇ ಒಂದು ಪೀಠಿಕೆಯಾಗಬಲ್ಲದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಕಾರಣ ಒಮ್ಮೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡಿದ್ದ ಈ ಊರಿನ ಪಕ್ಕದಲ್ಲಿ ಕುಂತಿಬೆಟ್ಟವಿದೆ. ವನವಾಸದ ಕಾಲದಲ್ಲಿ ಪಾಂಡವರು ತಾಯಿಯೊಡನೆ ಅಲ್ಲಿ ತಂಗಿದ್ದರೆಂದು ಸ್ಥಳದ ಜನ ಹೇಳುತ್ತಾರೆ. ದ್ಯೂತದ ತರುವಾಯದ ವನವಾಸಕ್ಕೆ ಕುಂತಿ ಹೋಗಲಿಲ್ಲವೆಂಬುದು ಗ್ರಂಥದ ಲೆಕ್ಕ; ಜನಪದದ ಭೂಗೋಳ ಆ ಲೆಕ್ಕಕ್ಕೆ ಬದ್ಧವಾದುದಲ್ಲ. ಅದು ಹಾಗಿರಲಿ. ಆ ಸಭೆಯಲ್ಲಿ ನಡೆದದ್ದು ಕುಶಲತೆಯ ಆಟವೋ ಅದೃಷ್ಟದ ಆಟವೋ? ಶಕುನಿಗೆ ಅದು ಕುಶಲತೆ, ಧರ್ಮರಾಯನಿಗೆ ಅದೃಷ್ಟ. ಒಂದೇ ಹಾಸಿನ ಮೇಲೆ, ಒಂದೇ ದಾಳದಲ್ಲಿ, ಇಬ್ಬರು ಎರಡು ಬೇರೆ ಆಟಗಳನ್ನು ಆಡುತ್ತಿದ್ದರು. ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಂದು ಏರುತ್ತ ಹೋದ ಪಣವೇ ಕುಲವನ್ನು ಸುಟ್ಟಿತು. ಇಂದು ಯಂತ್ರದ ಹಿಂದೆ ಕುಳಿತು ಲೆಕ್ಕ ಬಲ್ಲ ಒಡೆಯನಿಗೂ, ನಾಗಮಂಗಲದ ಬಸ್ ನಿಲ್ದಾಣದಲ್ಲಿ ಸಂಬಳದ ದಿನ ಮೊಬೈಲು ತೆರೆದ ಹುಡುಗನಿಗೂ ನಡುವೆ ಇರುವ ಅಂತರ ಇದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಮರೆಯಬಾರದು. ಕಾಡಿನಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ನಳನ ಕಥೆಯನ್ನು ಹೇಳಿ ಅಕ್ಷವಿದ್ಯೆಯನ್ನು ಕಲಿಸಿದನು. ಬಳಿಕ ಅಜ್ಞಾತವಾಸದ ವರ್ಷ ಬಂದಿತು. ಧರ್ಮರಾಯ ಕಂಕನಾದನು, ಭೀಮ ಅಡುಗೆಯ ವಲಲನಾದನು, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದನು, ಒಬ್ಬ ಕುದುರೆಗಳನ್ನು ಕಾದನು, ಒಬ್ಬ ಹಸುಗಳನ್ನು ನೋಡಿಕೊಂಡನು, ದ್ರೌಪದಿ ಸೈರಂಧ್ರಿಯಾದಳು. ಒಂದು ವರ್ಷ, ಕಟ್ಟುನಿಟ್ಟಾದ ನಿಯಮ, ಪ್ರತಿಯೊಬ್ಬರಿಗೂ ಒಂದು ವೇಷ, ಆ ವೇಷಕ್ಕೆ ತಕ್ಕ ಒಂದು ವಿದ್ಯೆ. ಪಣದ ಆಟದಲ್ಲಿ ಕಳೆದುಕೊಂಡದ್ದನ್ನು ಪಡೆಯುವ ದಾರಿ ಪಾತ್ರದ ಆಟದ ಮೂಲಕ ಹಾಯ್ದು ಹೋಯಿತು.

ವೀಡಿಯೊ ಆಟಗಳಲ್ಲಿ ಒಂದು ಜಾತಿಗೆ ಪಾತ್ರದಾಟವೆಂಬ ಹೆಸರು ಹೊಂದುತ್ತದೆ. ಅದನ್ನು ಕಾಣದ ವಾಚಕರಿಗೂ ಮಂಡ್ಯದ ಸೀಮೆಯ ಕುರುಕ್ಷೇತ್ರ ನಾಟಕ ಪರಿಚಿತವೇ. ಹಗಲು ಗದ್ದೆಯ ಕೆಸರಿನಲ್ಲಿದ್ದವನು ರಾತ್ರಿ ದುರ್ಯೋಧನನ ಕಿರೀಟವನ್ನು ಧರಿಸುತ್ತಾನೆ. ಪಾತ್ರಕ್ಕೆ ತಾನೇ ಹಣ ಕೊಡುತ್ತಾನೆ. ಹಿರಿಯ ಪಾತ್ರಕ್ಕೆ ಹೆಚ್ಚು ಹಣ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಂದಪದ್ಯಗಳನ್ನು ಕಲಿಸುತ್ತಾರೆ. ಆ ಹಣ ಮರಳಿ ಬರುತ್ತದೆಂದು ಕೊಡುವವನೂ ಎಣಿಸುವುದಿಲ್ಲ, ತೆಗೆದುಕೊಳ್ಳುವವನೂ ಹೇಳುವುದಿಲ್ಲ. ಅದು ಪಾತ್ರದ ಬೆಲೆ. ಹೊಸ ಶಾಸನವೂ ಪ್ರವೇಶದ ಶುಲ್ಕವನ್ನು ಪಣದಿಂದ ಬೇರ್ಪಡಿಸಿ, ವಿನೋದದ ಆಟಕ್ಕೆ ಶುಲ್ಕ ಕೊಡುವುದು ತಪ್ಪಲ್ಲವೆನ್ನುತ್ತದೆ. ನಮ್ಮ ಹಳ್ಳಿಯ ರಂಗಕ್ಕೆ ಈ ಭೇದ ಮೊದಲೇ ತಿಳಿದಿತ್ತು.

ಈ ನಾಟಕಕ್ಕೆ ಚೌಕಾಬಾರದ ಸರದಿಯನ್ನು ಜೋಡಿಸಿದರೆ ನಾವು ಹೇಳುವ ಆಟ ಸಿದ್ಧವಾಗುತ್ತದೆ. ಐದು ಸಾಲು, ಐದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಬಿದ್ದದ್ದು ದೈವ, ಯಾವ ಕಾಯನ್ನು ನಡೆಸಬೇಕು, ಯಾರನ್ನು ಕಡಿಯಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಪಾಡಬೇಕೆಂಬುದು ಬುದ್ಧಿ. ಎಲ್ಲಕ್ಕೂ ಮಿಗಿಲಾಗಿ, ನನ್ನ ಸರದಿ ಬಂದಾಗ ಮಿಕ್ಕವರು ಕಾಯುತ್ತಾರೆ. ಪಾತ್ರದಾಟದಲ್ಲಿಯೂ ಹೀಗೆಯೇ. ನಾಲ್ಕೈದು ಜನರ ಒಂದು ತಂಡ, ಪ್ರತಿಯೊಬ್ಬನಿಗೂ ಒಂದು ವಿದ್ಯೆ, ಊರಿಂದೂರಿಗೆ ಪಯಣ, ದಾರಿಯಲ್ಲಿ ವಿರೋಧಿ. ಹೊಡೆಯಬೇಕೋ, ಗಾಯಕ್ಕೆ ಔಷಧಿ ಹಚ್ಚಬೇಕೋ, ಹಿಂದಕ್ಕೆ ಸರಿಯಬೇಕೋ ಎಂದು ಆಡುವವನು ಯೋಚಿಸುವವರೆಗೆ ಯಂತ್ರ ಸುಮ್ಮನೆ ಕಾಯುತ್ತದೆ. ನಡುನಡುವೆ ಊರಿನ ಜನರೊಡನೆ ಮಾತುಕತೆ. ಆ ಮಾತುಗಳನ್ನು ಓದದೆ ಮುಂದಿನ ದಾರಿ ತಿಳಿಯದು.

ಇದರ ಚರಿತ್ರೆ ದೀರ್ಘವಾದುದಲ್ಲ. ೧೯೭೪ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ಮೇಜಿನ ಮೇಲೆ ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಪ್ರಕಟಿಸಿದರು. ೧೯೮೧ರಲ್ಲಿ ಅಲ್ಟಿಮ, ವಿಜ಼ರ್ಡ್ರಿ ಎಂಬ ಆಟಗಳು ಆ ಕ್ರಮವನ್ನು ಗಣಕಯಂತ್ರಕ್ಕೆ ತಂದವು. ೧೯೮೬ರಲ್ಲಿ ಜಪಾನಿನ ಡ್ರ್ಯಾಗನ್ ಕ್ವೆಸ್ಟ್, ಮರುವರ್ಷ ಫೈನಲ್ ಫ್ಯಾಂಟಸಿ, ಅದನ್ನು ಮನೆಮನೆಯ ಮಾತಾಗಿಸಿದವು. ಯಂತ್ರಗಳು ಬಲವಾದಂತೆ ಆಟಗಳೂ ವೇಗವಾದವು; ಕಾಯುವ ಆಟ ಹಳೆಯದಾಯಿತೆಂದು ವ್ಯಾಪಾರಿಗಳು ತಿಳಿದರು. ಆದರೆ ಈಚಿನ ವರ್ಷಗಳಲ್ಲಿ ಹಳೆಯ ಮಾದರಿಯನ್ನೇ ಬೇಕೆಂದು ಹುಡುಕುವವರು ಹೆಚ್ಚಿದ್ದಾರೆ. ೨೦೧೮ರ ಆಕ್ಟೊಪಾತ್ ಟ್ರಾವೆಲರ್, ೨೦೨೩ರ ಸೀ ಆಫ್ ಸ್ಟಾರ್ಸ್ ಮೊದಲಾದವು ಹಿಂದಿನ ಕಾಲದ ಚುಕ್ಕೆ ಚುಕ್ಕೆಯ ಚಿತ್ರಗಳನ್ನು ಬುದ್ಧಿಪೂರ್ವಕವಾಗಿ ಉಳಿಸಿಕೊಂಡವು. ಫ್ರಾನ್ಸಿನ ಮಾಂಪೆಲಿಯೆ ನಗರದ ಒಂದು ಸಣ್ಣ ಸಂಸ್ಥೆ ೨೦೨೫ರಲ್ಲಿ ಹೊರತಂದ ಎಕ್ಸ್‌ಪೆಡಿಷನ್ ೩೩ ಎಂಬ ಸರದಿಯ ಪಾತ್ರದಾಟ, ಚಿತ್ರದಲ್ಲಿ ಹೊಸದಾದರೂ ಕ್ರಮದಲ್ಲಿ ಹಳೆಯದು. ಆ ವರ್ಷದ ಡಿಸೆಂಬರಿನಲ್ಲಿ ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಗೌರವ ಅದಕ್ಕೇ ಸಂದಿತು.

ಈ ಮರಳುವಿಕೆಯನ್ನು ಬಾಲ್ಯದ ಹಂಬಲವೆಂದು ತಳ್ಳಿಹಾಕುವುದು ಸುಲಭ. ನಮ್ಮ ಕಾಲದ ಮೊಬೈಲು ಮನುಷ್ಯನನ್ನು ಒಂದು ಗಳಿಗೆಯೂ ಕಾಯಗೊಡುವುದಿಲ್ಲ. ಹಣದಾಟದ ಬಲವೆಲ್ಲ ಈ ಅವಸರದಲ್ಲಿದೆ. ಸೋತವನು ಯೋಚಿಸಲು ಕುಳಿತನಾದರೆ ಎದ್ದು ಹೋದಾನೆಂಬ ಭಯದಿಂದ ಮುಂದಿನ ಎಲೆ ತಕ್ಷಣ ಬೀಳುತ್ತದೆ. ಕಾಯುವ ಯಂತ್ರವೊಂದು ಇದ್ದರೆ ಅದರ ಮುಂದೆ ಕುಳಿತವನು ಯೋಚಿಸುವುದನ್ನು ಅಭ್ಯಾಸ ಮಾಡುತ್ತಾನೆ. ಸೋತರೂ ಸೋತದ್ದು ಕಥೆಯೊಳಗೆ. ಮನೆಯ ಒಡವೆ ಒತ್ತೆ ಹೋಗುವುದಿಲ್ಲ.

ಈ ಜಾತಿಯ ಆಟಗಳೆಲ್ಲ ನಿರ್ದೋಷಿಗಳೆಂದು ಹೇಳಬರುವುದಿಲ್ಲ. ಒಂದೇ ಬಗೆಯ ಕಾಳಗವನ್ನು ನೂರು ಸಲ ಆಡಿಸಿ ಹೊತ್ತು ಕಳೆಯಿಸುವ ಆಟಗಳು ಬೇಕಾದಷ್ಟಿವೆ. ಕೆಲವು ಆಟಗಳು ಮುಚ್ಚಿದ ಪೆಟ್ಟಿಗೆಗಳನ್ನು ಹಣಕ್ಕೆ ಮಾರಿ, ಒಳಗೆ ಏನು ಸಿಕ್ಕೀತೆಂಬ ಆಸೆಯ ಮೇಲೆ ಬದುಕುತ್ತವೆ. ಅಲ್ಲಿ ಪಣ ಹಿಂಬಾಗಿಲಿನಿಂದ ಬಂದು ಕುಳಿತಿರುತ್ತದೆ. ಜಪಾನು ೨೦೧೨ರಲ್ಲಿಯೇ ಇಂತಹ ಒಂದು ಕ್ರಮವನ್ನು ತಡೆಯಿತು. ಬೆಲ್ಜಿಯಂ ೨೦೧೮ರಲ್ಲಿ ಈ ಪೆಟ್ಟಿಗೆಗಳು ಜೂಜೇ ಎಂದು ಸಾರಿತು. ಆದುದರಿಂದ ತಾಯಿತಂದೆಗಳೂ ಉಪಾಧ್ಯಾಯರೂ ಆಟದ ಹೆಸರನ್ನು ಕೇಳಿ ತೃಪ್ತರಾಗದೆ, ಅದು ಒಮ್ಮೆ ಬೆಲೆ ಕೊಟ್ಟು ಕೊಳ್ಳುವಂಥದೋ ಮತ್ತೆ ಮತ್ತೆ ಕೈಚಾಚುವಂಥದೋ ಎಂಬುದನ್ನು ವಿಚಾರಿಸಬೇಕು.

ಇಲ್ಲಿ ಹೆಸರಿಸಿದ ವೀಡಿಯೊ ಆಟಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ರಮ್ಮಿಯ ಜಾಹೀರಾತು ಮಾತ್ರ ಕನ್ನಡದಲ್ಲಿ ಮಾತನಾಡಿತು, ನಗುತ್ತ, ಬಳಕೆಯ ನುಡಿಯಲ್ಲಿ, ಪರಿಚಿತ ಮುಖಗಳೊಡನೆ. ಹಣವನ್ನು ಬೇಡುವ ಆಟಕ್ಕೆ ನಮ್ಮ ಭಾಷೆ ಬೇಕಾಯಿತು. ಯೋಚನೆಯನ್ನು ಬೇಡುವ ಆಟಕ್ಕೆ ಬೇಕಾಗಲಿಲ್ಲ. ಕೃಷ್ಣರಾಜಪೇಟೆಯ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದುವ ಹುಡುಗಿ ಪಾತ್ರದಾಟವನ್ನು ತೆರೆದರೆ, ಆಟದ ಜೀವವಾದ ಮಾತುಕತೆ ಅವಳ ಪಾಲಿಗೆ ಗುಂಡಿ ಒತ್ತಿ ದಾಟಬೇಕಾದ ಅಡ್ಡಿಯಾಗುತ್ತದೆ. ಉಳಿಯುವುದು ಹೊಡೆದಾಟ ಮಾತ್ರ. ಆಗ ನಾವು ಆಟಗಳೆಲ್ಲ ಹೊಡೆದಾಟವೆಂದು ಗೊಣಗುತ್ತೇವೆ.

ಈ ಬಡತನ ನಮಗೆ ಪಿತ್ರಾರ್ಜಿತವಾಗಿ ಬಂದದ್ದಲ್ಲ. ೧೭೯೪ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು, ಐದು ವರ್ಷದ ಬಾಲಕನಾಗಿ ಪಟ್ಟವೇರಿ, ಮುಂದೆ ಆಡಳಿತ ಇಂಗ್ಲಿಷರ ಕೈಗೆ ಹೋದಮೇಲೆ ವಿದ್ಯೆಯಲ್ಲಿಯೂ ಆಟದಲ್ಲಿಯೂ ಮನಸ್ಸಿಟ್ಟರು. ಚದುರಂಗದ ಕುದುರೆ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟಿ ಹಾಸನ್ನೆಲ್ಲ ಸುತ್ತುವ ಸಮಸ್ಯೆಗೆ ಅವರು ಅನೇಕ ಪರಿಹಾರಗಳನ್ನು ಕಂಡುಹಿಡಿದರು. ಹೊಸ ಹಾಸುಗಳನ್ನು ಕಲ್ಪಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ದೇವತೆಗಳ ಧ್ಯಾನಗಳನ್ನು ಹೇಳಿದ ಗ್ರಂಥವೇ ಆಟಕ್ಕೂ ಒಂದು ನಿಧಿಯನ್ನು ಕೊಟ್ಟಿತೆಂಬುದು ಗಮನಾರ್ಹ. ವೈಷ್ಣವ ಮನೆಗಳಲ್ಲಿ ವೈಕುಂಠ ಏಕಾದಶಿಯ ರಾತ್ರಿ ಹಾಸುತ್ತಿದ್ದ ಪರಮಪದ ಸೋಪಾನ ಪಟದಲ್ಲಿ ಕಾಯೇ ಜೀವ. ಹಾವು ಪಾಪ, ಏಣಿ ಪುಣ್ಯ. ಪಾತ್ರವೂ ಪಯಣವೂ ಸರದಿಯೂ ಅದರಲ್ಲಿ ಆಗಲೇ ಕೂಡಿಕೊಂಡಿದ್ದವು.

ಕನ್ನಡದ ಲಿಪಿ ಯಂತ್ರಕ್ಕೆ ಒಗ್ಗದೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಹಳೆಯ ಆಟಗಳು ಪರದೆಯನ್ನು ಸಣ್ಣ ಚೌಕಗಳಾಗಿ ಸೀಳಿ ಒಂದು ಚೌಕಕ್ಕೆ ಒಂದು ಅಕ್ಷರವನ್ನು ಕೂರಿಸುತ್ತಿದ್ದವು. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಇರುವ ನಮ್ಮ ಅಕ್ಷರ ಆ ಗೂಡಿನಲ್ಲಿ ಹಿಡಿಯದು. ಆದರೆ ಜಪಾನೀಯರಿಗೂ ಕಷ್ಟ ಕಡಿಮೆ ಇರಲಿಲ್ಲ. ಡ್ರ್ಯಾಗನ್ ಕ್ವೆಸ್ಟ್ ಆಟವನ್ನೆಲ್ಲ ೬೪ ಕಿಲೋಬೈಟುಗಳಲ್ಲಿ ಅಡಕಮಾಡಬೇಕಾದುದರಿಂದ ಅವರು ಚೀನೀ ಮೂಲದ ಅಕ್ಷರಗಳನ್ನು ಕೈಬಿಟ್ಟರು; ಕತಕನ ಲಿಪಿಯಲ್ಲಿ ಇಪ್ಪತ್ತರಷ್ಟು ಅಕ್ಷರಗಳನ್ನು ಮಾತ್ರ ಆರಿಸಿ, ಅವುಗಳಲ್ಲಿಯೇ ಹೆಸರುಗಳನ್ನು ಕಟ್ಟಿದರು. ಭಾಷೆಯನ್ನು ಬಿಟ್ಟು ಇಂಗ್ಲಿಷಿಗೆ ಹೋಗಲಿಲ್ಲ. ನಮಗೆ ಆ ಕಷ್ಟವೂ ಇಂದಿಲ್ಲ. ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಈಗಿನ ಸಾಧಾರಣ ಮೊಬೈಲು ಒತ್ತಕ್ಷರವನ್ನು ತಪ್ಪಿಲ್ಲದೆ ಮೂಡಿಸುತ್ತದೆ. ಯಂತ್ರದ ನೆಪ ತೀರಿದ ಮೇಲೆ ಉಳಿಯುವ ಪ್ರಶ್ನೆ ಲೇಖಕನದು.

ಆ ಡ್ರ್ಯಾಗನ್ ಕ್ವೆಸ್ಟನ್ನು ರಚಿಸಿದ ಯೂಜಿ ಹೋರಿ ವಾಸೆಡಾ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯವನ್ನು ಓದಿ ಪತ್ರಿಕೆಗಳಿಗೆ ಬರೆಯುತ್ತಿದ್ದವನು. ೧೯೮೯ರಲ್ಲಿ ಮದರ್ ಎಂಬ ಆಟವನ್ನು ಕಟ್ಟಿದ ಶಿಗೆಸಾತೊ ಇಟೊಯಿ ಹೆಸರಾಂತ ಬರಹಗಾರ. ಅವನು ಕೋಟೆಕೊತ್ತಲಗಳನ್ನು ಬಿಟ್ಟು ಸಾಮಾನ್ಯ ಊರೊಂದರ ಹುಡುಗನನ್ನು ನಾಯಕನನ್ನಾಗಿ ಮಾಡಿದನು. ೨೦೧೫ರ ಅಂಡರ್‌ಟೇಲ್ ಯಾರನ್ನೂ ಕೊಲ್ಲದೆ ಗೆಲ್ಲುವ ದಾರಿಯನ್ನು ತೆರೆಯಿತು. ಇದಕ್ಕೆ ಇನ್ನೊಂದು ಮುಖವೂ ಉಂಟು. ೨೦೧೯ರ ಡಿಸ್ಕೊ ಎಲಿಸಿಯಂ ಎಂಬ ಮಾತುಗಳೇ ತುಂಬಿದ ಪಾತ್ರದಾಟದ ಮುಖ್ಯ ಕರ್ತೃ ರಾಬರ್ಟ್ ಕುರ್ವಿಟ್ಜ್, ಎಸ್ತೋನಿಯದ ಕಾದಂಬರಿಕಾರ. ಕಾದಂಬರಿಯನ್ನು ತಾಯ್ನುಡಿಯಲ್ಲಿ ಬರೆದ ಅವನು ಆಟವನ್ನು ಇಂಗ್ಲಿಷಿನಲ್ಲಿ ಬರೆದನು. ಸಣ್ಣ ಭಾಷೆಯ ಲೇಖಕನಿಗೆ ಲೋಕದ ಮಾರುಕಟ್ಟೆ ಹೀಗೆ ದಾರಿ ತೋರಿಸುತ್ತದೆ. ಕನ್ನಡದ ಪ್ರತಿಭಾವಂತರೂ ಅದೇ ದಾರಿ ಹಿಡಿದರೆ ಅವರನ್ನು ದೂರುವ ಅಧಿಕಾರ, ಇಲ್ಲಿ ಯಾವ ದಾರಿಯನ್ನೂ ಕಡಿಯದ ನಮಗಿಲ್ಲ.

ವಸ್ತುವಿಗೆ ಕೊರತೆಯೇ? ಈ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಮುಂದಿಟ್ಟುಕೊಳ್ಳಬಹುದು. ಮಳೆ ನಂಬಿದ ನಾಗಮಂಗಲದಲ್ಲಿ ಲೋಹದ ವಿಗ್ರಹಗಳನ್ನು ಎರೆಯುವ ಮನೆಯಿಂದ ಒಬ್ಬಳು ಹೊರಡಲಿ. ಕೃಷ್ಣರಾಜಪೇಟೆಯ ಹೊಸಹೊಳಲಿನಲ್ಲಿ ಹೊಯ್ಸಳರ ಗುಡಿಯನ್ನು ಬಲಬಂದರೆ ಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ ಭಾರತಗಳು ಹೆಜ್ಜೆಹೆಜ್ಜೆಗೆ ಬಿಚ್ಚಿಕೊಳ್ಳುತ್ತವೆ. ನಡೆಯದವನಿಗೆ ಕಥೆ ಮುಂದುವರಿಯುವುದಿಲ್ಲ. ಪಾಂಡವಪುರದ ಕಡೆಗೆ ತಿರುಗಿದರೆ ಮೇಲುಕೋಟೆಯ ಕಲ್ಯಾಣಿ, ಕುಂತಿಬೆಟ್ಟದ ಬಂಡೆಗಳು; ಕೃಷ್ಣರಾಜಸಾಗರದಲ್ಲಿ ಮುಳುಗಿ, ಬಹುಕಾಲದ ಮೇಲೆ ಕಲ್ಲು ಕಲ್ಲಾಗಿ ಎತ್ತಲ್ಪಟ್ಟು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಂತ ವೇಣುಗೋಪಾಲಸ್ವಾಮಿಯ ಗುಡಿ. ಕಟ್ಟೆ ಏರಿದಾಗ ಊರು ಬಿಟ್ಟವರು ಏನನ್ನು ಹೊತ್ತುಕೊಂಡು ಹೋದರು, ಏನನ್ನು ಬಿಟ್ಟುಹೋದರು ಎಂದು ಆರಿಸುವ ಭಾರವನ್ನು ಆಡುವವನ ಮೇಲೆ ಹೊರಿಸಿದರೆ ಅದಕ್ಕಿಂತ ಕಠಿಣವಾದ ಸರದಿ ಬೇರೆ ಬೇಕಿಲ್ಲ. ಕೊನೆಗೆ ಕಾವೇರಿಯ ನಡುವಿನ ಶ್ರೀರಂಗಪಟ್ಟಣ. ೧೭೯೯ರ ಮೇ ೪ರ ಬಗ್ಗೆ ನಮ್ಮಲ್ಲಿ ಜಗಳ ತೀರಿಲ್ಲ. ಗೆದ್ದವರ ಪಾಳೆಯದ ಸಿಪಾಯಿಯಾಗಿ, ಕೋಟೆಯೊಳಗಿನ ರೈತನಾಗಿ, ಅರಮನೆಯ ಬಾಲಕನಾಗಿ ಅದೇ ದಿನವನ್ನು ಮೂರು ಸಲ ಬದುಕಿಸುವ ಶಕ್ತಿ ಪಾತ್ರದಾಟಕ್ಕಿದೆ. ಅದು ತೀರ್ಪು ಕೊಡಲಾರದು. ಎದುರಾಳಿಯ ಸರದಿಗಾಗಿ ಕಾಯುವುದನ್ನು ಕಲಿಸಬಹುದು.

ಕನ್ನಡಕ್ಕೆ ಇಲ್ಲಿ ಒಂದು ವಿಶೇಷವಾದ ಅನುಕೂಲವೂ ಇದೆ. ಇಂಗ್ಲಿಷಿನ ಆಟಗಾರ ಎಲ್ಲರಿಗೂ ಒಂದೇ ಸರ್ವನಾಮವನ್ನು ಬಳಸುತ್ತಾನೆ. ನಮ್ಮ ನಾಯಕಿ ಊರ ಹಿರಿಯನನ್ನು ನೀನೆನ್ನಬೇಕೋ, ನೀವೆನ್ನಬೇಕೋ, ಅಣ್ಣನೆನ್ನಬೇಕೋ, ಗೌಡರೆನ್ನಬೇಕೋ? ಸಂಬೋಧನೆಯೇ ಒಂದು ನಡೆ. ತಪ್ಪಿದರೆ ಬಾಗಿಲು ಮುಚ್ಚೀತು, ಸರಿಯಾದರೆ ಒಳಗಿನಿಂದ ಮಜ್ಜಿಗೆ ಬಂದೀತು. ಜಾತಿಯೂ ಅಂತಸ್ತೂ ನಮ್ಮ ಮಾತಿನಲ್ಲಿ ಹೇಗೆ ಅಡಗಿ ಕುಳಿತಿವೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉಪಾಯ ವಿರಳ.

ಕರ್ನಾಟಕ ಸರ್ಕಾರ ೨೦೧೨ರಷ್ಟು ಹಿಂದೆಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ನೀತಿಯೊಂದನ್ನು ರೂಪಿಸಿತು. ೨೦೨೪ರಿಂದ ೨೦೨೯ರವರೆಗಿನ ಅವಧಿಗೆ ಹೊಸ ನೀತಿಯನ್ನೂ ಪ್ರಕಟಿಸಿತು. ಇಂತಹ ನೀತಿಗಳು ಮುಖ್ಯವಾಗಿ ಉದ್ಯೋಗವನ್ನೂ ಬಂಡವಾಳವನ್ನೂ ಎಣಿಸುತ್ತವೆ. ಅದು ತಪ್ಪಲ್ಲ, ಆದರೆ ಸರ್ಕಾರದ ನೆರವು ಪಡೆದ ಆಟಕ್ಕೆ ಕನ್ನಡದ ಪಾಠವೊಂದು ಇರಲೇಬೇಕೆಂಬ ನಿಯಮ ಅದಕ್ಕೆ ಸೇರಲಿ. ಪುಸ್ತಕಕ್ಕೆ ಸಹಾಯಧನ ಕೊಡುವ ಸಂಸ್ಥೆಗಳು ಆಟದ ಬರವಣಿಗೆಯನ್ನೂ ಬರವಣಿಗೆಯೆಂದು ಎಣಿಸಲಿ. ಇವೆಲ್ಲ ಆಗುವುದಕ್ಕೆ ಹೊತ್ತು ಹಿಡಿದೀತು. ಉಪಾಧ್ಯಾಯರು ಕಾಯಬೇಕಾಗಿಲ್ಲ. ಹೈಸ್ಕೂಲಿನ ಒಂದು ತರಗತಿ, ಸೀಮೆಸುಣ್ಣದಲ್ಲಿ ಬರೆದ ಒಂದು ಹಾಸು, ನಾಲ್ಕು ಕವಡೆ, ಐದು ಪಾತ್ರ, ಪ್ರತಿ ಮನೆಗೂ ಮಕ್ಕಳೇ ಬರೆದ ನಾಲ್ಕು ಸಾಲು ಸಂಭಾಷಣೆ: ಗೈಗ್ಯಾಕ್ಸ್ ಮತ್ತು ಆರ್ನೆಸನ್ನರಿಗೂ ಮೊದಲಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಇರಲಿಲ್ಲ. ಅಲ್ಲಿ ಬರೆದು ಕಲಿತ ಮಗು ನಾಳೆ ಯಂತ್ರಕ್ಕೂ ಬರೆದೀತು. ಶಾಸನ ಹುಡುಗನ ಕೈಯಿಂದ ಇಸ್ಪೀಟನ್ನು ಕಸಿದುಕೊಂಡಿದೆ. ಬರಿಗೈ ಬಹುಕಾಲ ಬರಿದಾಗಿ ಇರುವುದಿಲ್ಲ; ಅದಕ್ಕೆ ಏನನ್ನು ಕೊಡುತ್ತೇವೆಂಬುದು ಈಗ ನಮ್ಮ ಸರದಿ.